ದೊಣ್ಣೆನಾಯಕನ ಮನೆಯ ಸಾವುಗಳು

ಅತ್ತೆಯ ಕೈ ಮೊಣಕೈವರೆಗೂ ಜಿರಳೆಗಳ ಗಾಜಿನ ಪೆಟ್ಟಿಗೆಯೊಳಗಿತ್ತು.

ಸೊಸೆ ಬಾಗಿಲಲ್ಲೇ ನಿಂತಳು. ಗೋಡೆಯ ಮೇಲೆ ಒಂದು ಜಿರಳೆ ಕಂಡರೆ ಕುರ್ಚಿ ಹತ್ತಿ ಕೇರಿ ಒಂದು ಮಾಡುವ ಹೆಂಗಸು ಇವರು. ಈಗ ಸದ್ದಿಲ್ಲದೆ ಕೈ ಹೊರಗೆಳೆದು ಏನನ್ನೋ ಶಾಲಿನೊಳಗೆ ತುರುಕಿಕೊಂಡರು.

"ಏನು ಮಾಡ್ತಿದ್ದೀರಿ?"

"ನೋಡ್ತಿದ್ದೆ. ಯಾಕೆ, ನೋಡಬಾರದಾ?" ಅತ್ತೆ ಮುಚ್ಚಳ ಹಾಕಿ ಹೊರಟೇಹೋದರು.

ಅವು ಮೋರಿಯ ಜಿರಳೆಗಳಲ್ಲ. ಹೆಬ್ಬೆರಳಿಗಿಂತ ಉದ್ದ, ರೆಕ್ಕೆಯಿಲ್ಲ, ಮುಟ್ಟಿದರೆ ಬುಸ್ಸೆನ್ನುತ್ತವೆ. ಸೊಸೆಯ ಒಂಬತ್ತು ವರ್ಷದ ಮಗಳು ಗುಬ್ಬಿ, 'ನಾಯಿಮರಿ ಬೇಡ, ಇವೇ ಬೇಕು' ಎಂದು ಹಟ ಹಿಡಿದು ಐದನ್ನು ತರಿಸಿಕೊಂಡಿದ್ದಳು. ಕೊಂಬಿನಂಥ ಉಬ್ಬುಗಳಿದ್ದ ದೊಡ್ಡ ಗಂಡಿಗೆ 'ದೊಣ್ಣೆನಾಯಕ' ಎಂಬ ಹೆಸರು ಬಿದ್ದದ್ದು ಅತ್ತೆಯ ಬೈಗುಳದಿಂದಲೇ. "ಇವನ್ಯಾವ ದೊಣ್ಣೆನಾಯಕ! ಮಗ ಜಿರಳೆ ಕೊಂದು ಸಂಬಳ ತರ್ತಾನೆ, ಮೊಮ್ಮಗಳು ಅದೇ ಸಂಬಳದಲ್ಲಿ ಜಿರಳೆ ಸಾಕ್ತಾಳೆ. ಚೆನ್ನಾಗಿದೆ ಸಂಸಾರ!"

ಮಾತೇನೋ ನಿಜ. ಗಂಡನ ಕೆಲಸ ಕಂಡವರ ಅಡುಗೆಮನೆಗಳಲ್ಲಿ ಕೀಟನಾಶಕ ಸಿಂಪಡಿಸುವುದು. ಮನೆಗೆ ಬಂದವನು ಹಿತ್ತಲಲ್ಲೇ ಖಾಕಿ ಅಂಗಿ ಕಳಚಿ, ಸ್ನಾನ ಮಾಡಿಯೇ ಒಳಗೆ ಕಾಲಿಡುತ್ತಿದ್ದ. ಗುಬ್ಬಿಯ ಕೋಣೆಯ ಹೊಸ್ತಿಲನ್ನಂತೂ ದಾಟುತ್ತಲೇ ಇರಲಿಲ್ಲ.

ಮೊದಲ ಸಾವು ಸಹಜವಾಗಿತ್ತು. ಎಲ್ಲಕ್ಕಿಂತ ಹಳೆಯದು ಗಾಜು ಹತ್ತಲಾರದೆ ಜಾರತೊಡಗಿತು, ಮೀಸೆ ಮುರಿಯಿತು, ಒಂದು ಬೆಳಗ್ಗೆ ಅಲುಗಾಡಲಿಲ್ಲ. ಗುಬ್ಬಿ ಅದನ್ನು ಬೆಂಕಿಪೆಟ್ಟಿಗೆಯಲ್ಲಿಟ್ಟು ಪ್ರಾಣಿವೈದ್ಯರ ಬಳಿ ಒಯ್ದಳು.

ವೈದ್ಯರು ನಗಲಿಲ್ಲ. "ಪಾದ ಸವೆದಿದೆ ನೋಡು. ವಯಸ್ಸಾಗಿತ್ತು ಕಣಮ್ಮ. ಉಳಿದವನ್ನ ಬೆಚ್ಚಗೆ ಇಡು, ಚಳಿ ಅವಕ್ಕೆ ಆಗಲ್ಲ."

ಗುಬ್ಬಿ ಕಣ್ಣೊರೆಸಿಕೊಂಡು ತಲೆಯಾಡಿಸಿದಳು. ಇನ್ನು ಮುಂದೆ ಪೆಟ್ಟಿಗೆಗೆ ತನ್ನ ಹೊರತು ಯಾರೂ ಕೈ ಹಾಕಬಾರದೆಂದು ಮನೆಯಲ್ಲಿ ಅಪ್ಪಣೆ ಹೊರಡಿಸಿದಳು. ಅಸಹ್ಯಪಡುವ ತಾಯಿಗೆ ಅದು ರೋಗಿ ಬಯಸಿದ ಹಾಲೇ ಆಯಿತು.

ಆ ವಾರ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ರಗಳೆ. ಎಸೆಯಲೆಂದು ಹಿತ್ತಲ ಮೊಳೆಗೆ ನೇತುಹಾಕಿದ್ದ ಹರಕಲು ಅಂಗಿ ಕಾಣೆಯೆಂದು ಗಂಡ. ಕೆಂಪು ದಾರದ ಉಂಡೆ ಸಿಗುತ್ತಿಲ್ಲವೆಂದು ಅತ್ತೆ. ಅತ್ತೆಯ ಹೊಲಿಗೆಯೆಂದರೆ ಇರುವೆ ಸಾಲಿನಷ್ಟು ನೇರ; ದಾರ ಕಳೆದರೆ ಅವರಿಗೆ ಊಟ ಸೇರದು. ಗುಬ್ಬಿಯ ಬೆರಳಿಗೆ ಪಟ್ಟಿ. ಪೆನ್ಸಿಲ್ ಕೆತ್ತುವಾಗ ಆಯಿತಂತೆ.

ಆಮೇಲೆ ಸಾವುಗಳು ಸಾಲಾಗಿ ಬಂದವು. ಗಟ್ಟಿಮುಟ್ಟಾಗಿದ್ದವೇ ಅಂಗಾತ ಬಿದ್ದು, ಕಾಲು ನಡುಗಿಸುತ್ತಾ ಹೋದವು. ದೊಣ್ಣೆನಾಯಕನೊಬ್ಬ ಉಳಿದ. ಅವನ ಬುಸುಗುಟ್ಟುವಿಕೆಯೂ ನಿಂತಿತ್ತು. ಗುಬ್ಬಿ ಶಾಲೆಗೂ ಹೋಗದೆ ಪೆಟ್ಟಿಗೆಗೆ ಹಣೆಯೊತ್ತಿ ಕುಳಿತಳು.

ಈ ಸಲ ವೈದ್ಯರು ಮಗುವನ್ನು ಹೊರಗೆ ಕೂರಿಸಿ ತಾಯಿಗೆ ಹೇಳಿದರು: "ಇದು ರೋಗ ಅಲ್ಲ. ವಿಷ. ಮನೆಯಲ್ಲೇ ಯಾರೋ ಮಾಡಿರಬೇಕು."

ಗಂಡ ತಾನಲ್ಲವೆಂದು ಮಗಳ ತಲೆ ಮುಟ್ಟಿ ಆಣೆ ಮಾಡಿದ. ಅವನನ್ನು ಬಿಟ್ಟರೆ ಉಳಿದವರು ಯಾರು? ಆ ಪ್ರಶ್ನೆಗೆ ಇವತ್ತು ಶಾಲಿನೊಳಗೆ ಹೋದ ಕೈ ಉತ್ತರ ಹೇಳಿತ್ತು.

ಊಟದ ಹೊತ್ತಿಗೆ ಸೊಸೆ ಎಲ್ಲರೆದುರೇ ಕೇಳಿದಳು. "ಪೆಟ್ಟಿಗೆಯಲ್ಲಿ ನಿಮಗೇನು ಕೆಲಸ ಇತ್ತು, ಅತ್ತೆ? ಮಗು ಹೀಗೆ ಕೊರಗ್ತಿದೆಯಲ್ಲ, ಗೊತ್ತಿದ್ರೆ ಹೇಳಿ."

ಅತ್ತೆ ಗುಬ್ಬಿಯ ಕಡೆ ನೋಡಿದರು. ಊದಿದ ಕಣ್ಣು, ತುತ್ತು ಹಿಡಿದ ಕೈ, ಬೆರಳಿನ ಪಟ್ಟಿ.

"ಹೌದು. ನಾನೇ ಕೊಂದೆ. ಸಾಕಾಗಿಹೋಗಿತ್ತು ನನಗೆ."

"ಅಜ್ಜಿ, ನಿಜವಾಗ್ಲೂ ನೀನೇನಾ?"

"ನಾನೇ. ಪೆಟ್ಟಿಗೆ ತೊಳೆದಿದ್ದೀನಿ, ಒಳಗಿದ್ದ ಹಾಳುಮೂಳೆಲ್ಲ ಎಸೆದಿದ್ದೀನಿ. ಉಳಿದಿರೋ ಒಂದಕ್ಕೆ ಇನ್ನೇನೂ ಆಗಲ್ಲ. ಬೈಯೋದಾದ್ರೆ ನನ್ನನ್ನ ಬೈಕೋ. ಇನ್ಯಾರನ್ನೂ ಬೈಬೇಡ."

ಗುಬ್ಬಿ ಬೈಯಲಿಲ್ಲ. ಹುಟ್ಟಿದಾಗಿನಿಂದ ಅಜ್ಜಿಯ ಹೊಟ್ಟೆಯ ಮೇಲೆ ಕೈಯಿಟ್ಟು ಮಲಗಿದವಳು, ತನ್ನ ದಿಂಬನ್ನೆತ್ತಿಕೊಂಡು ಅಮ್ಮನ ಹಾಸಿಗೆಗೆ ಬಂದಳು. ಗಂಡ ತಟ್ಟೆ ಬಿಟ್ಟು ಎದ್ದ. ಅತ್ತೆ ಒಬ್ಬರೇ ಎಲ್ಲರ ತಟ್ಟೆ ತೆಗೆದರು.

ದೊಣ್ಣೆನಾಯಕ ಚೇತರಿಸಿಕೊಂಡ. ಕ್ಯಾರೆಟ್ ಮೆಂದ, ಗಾಜು ಹತ್ತಿದ, ಒಂದು ಸಂಜೆ ಹಳೆಯ ಗತ್ತಿನಲ್ಲಿ ಬುಸ್ಸೆಂದ. ಪಕ್ಕದ ಕೋಣೆಯಲ್ಲಿ ಅತ್ತೆಯ ಮುಖ ಅರಳಿತು. "ಬದುಕ್ತಾ?" ಎಂದು ಕೂಗಿದರು.

"ನೀನು ಕೊಲ್ಲೋದು ನಿಲ್ಲಿಸಿದೆಯಲ್ಲ, ಅದಕ್ಕೇ," ಎಂದಳು ಗುಬ್ಬಿ. ಅಜ್ಜಿಯೊಡನೆ ಅವಳಾಡಿದ ಕೊನೆಯ ಮಾತು ಅದು. ಆಮೇಲೆ ಅತ್ತೆ ಬೈಯುವುದನ್ನೂ ಬಿಟ್ಟರು, ಮನೆ ಬಿಕೋ ಎನ್ನತೊಡಗಿತು. ಇಳಿಹೊತ್ತಿನಲ್ಲಿ ಶಾಲೆಯ ಮಕ್ಕಳ ಸದ್ದು ಕೇಳಿದರೆ ಬಾಗಿಲಿಗೆ ಬಂದು, ಗುಬ್ಬಿ ಕಾಣುತ್ತಲೇ ಒಳಗೆ ಸರಿದುಬಿಡುತ್ತಿದ್ದರು.

ಸೊಸೆಗೆ ಒಂದೇ ಅಳುಕು. ವಿಷ ಇನ್ನೂ ಮನೆಯಲ್ಲೇ ಇದ್ದರೆ? ಮಗು ಓಡಾಡುವ ಮನೆ. ಅತ್ತೆ ಸ್ನಾನಕ್ಕೆ ಹೋದಾಗ ಅವರ ಟ್ರಂಕು ತೆರೆದಳು. ಸೀರೆಗಳಡಿ, ತಳದಲ್ಲಿ, ಪ್ಲಾಸ್ಟಿಕ್ ಚೀಲದೊಳಗೆ ಇನ್ನೊಂದು ಚೀಲ, ಬಿಗಿಯಾದ ಗಂಟು. ಬಿಚ್ಚುತ್ತಿದ್ದಂತೆ ಮೂಗಿಗೆ ಬಡಿದದ್ದು ಗಂಡನ ಕೆಲಸದ ವಾಸನೆ.

"ಮುಟ್ಟಿದ ಕೈ ಸೋಪು ಹಾಕಿ ತೊಳ್ಕೋ." ಒದ್ದೆ ಕೂದಲಿನಲ್ಲಿ ಅತ್ತೆ ಬಾಗಿಲಲ್ಲಿ ನಿಂತಿದ್ದರು. ಕೋಪವಿರಲಿಲ್ಲ, ಬೇಡಿಕೊಳ್ಳುವ ದನಿ. "ಎಸೆಯೋಕೆ ಎರಡು ಸಲ ಹೋದೆ. ಮನಸ್ಸು ಬರ್ಲಿಲ್ಲ. ಗುಬ್ಬಿ ಬರೋದ್ರೊಳಗೆ ಗಂಟು ಹಾಕಿಡು."

ಕಾಣೆಯಾಗಿದ್ದ ಖಾಕಿ ಅಂಗಿಯ ತೋಳು ಅದು, ಜಿರಳೆಗಳಿಗೆ ಅಳತೆಯಾಗುವಂಥ ಪುಟ್ಟ ಹೊದಿಕೆಯಾಗಿತ್ತು. ಓ, ಕೊಂದದ್ದು ಹೀಗೋ ಎಂದುಕೊಂಡು ಸೊಸೆ ಹಲ್ಲು ಕಚ್ಚಿ ಅದನ್ನು ಮಗುಚಿದಳು.

ಅಂಚಿನುದ್ದಕ್ಕೂ ಕೆಂಪು ದಾರದ ಹೊಲಿಗೆ ಸೊಟ್ಟಸೊಟ್ಟಗೆ, ಕಲಿಯುವ ಕೈಯ ಹಾಗೆ ಓಡಿತ್ತು; ಒಂದು ಮೂಲೆಯಲ್ಲಿ, ಸೂಜಿ ಚುಚ್ಚಿದ ಪುಟ್ಟ ಬೆರಳಿನ ರಕ್ತ ಒಣಗಿತ್ತು.