ಸಿದ್ದವ್ವನ ಮುಯ್ಯಿ

ಹೆಸರುಕಾಳಿನ ರಾಶಿ ಮುಗಿದಿತ್ತು. ಹಿಂಗಾರಿ ಬಿತ್ತನೆಗೆ ನೆಲ ಇನ್ನೂ ಹದಕ್ಕೆ ಬಂದಿರಲಿಲ್ಲ. ಮಹಾನವಮಿಗೆ ಹತ್ತು ದಿನ. ಇಂಡಿ ಪಟ್ಟಣದ ಪೇಟೆಯಲ್ಲಿ ಹೆಸರು ಮಾರಿದ ಕಾಂತು ತಾಯಿ ರಾಮವ್ವನನ್ನು ನೇರವಾಗಿ ಸಿಕಂದರನ ಬಣ್ಣದ ಅಂಗಡಿಗೆ ಕರೆತಂದ. ಸಿಕಂದರ ಡಬ್ಬಿಯಿಂದ ಬಣ್ಣ ಹೊಡೆಯುವ ಮಷೀನು ತೆಗೆದು, ಬರೀ ನೀರು ತುಂಬಿ, ಅಂಗಡಿಯ ಕಟ್ಟೆಗೆ ಹಿಡಿದು ಗುಂಡಿ ಒತ್ತಿದ. ಬುರ್ರೆಂದು ನೀರು ಮಂಜಿನಂತೆ ಹಾರಿ ಕಲ್ಲೆಲ್ಲ ಒದ್ದೆಯಾಯಿತು.

"ಲಿಂಬಿ ಗಿಡಕ್ಕ ಎಣ್ಣಿ ಹೊಡ್ಯೂ ಪಂಪ್ ಇದ್ದಂಗ ಐತಲ್ಲೋ" ಎಂದಳು ರಾಮವ್ವ.

"ಅದರ ತಮ್ಮ ಅಂತ ತಿಳೀರಿ ಅವ್ವಾರ. ಒಪ್ಪತ್ತಿನಾಗ ಹೊರಗಿನ ಗ್ವಾಡಿ ಎಲ್ಲಾ ಮುಗೀತಾವ."

"ಎಷ್ಟು ಮಂದಿ ಬೇಕು ಇದಕ್ಕ?"

"ಒಬ್ರ ಸಾಕ್ರಿ."

ಅರ್ಧ ಚೀಲ ಹೆಸರಿನ ರೊಕ್ಕ ಅಲ್ಲೇ ಹೋಯಿತು. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಮಗನ ಗಾಡಿಯ ಹಿಂದೆ ಕೂತ ರಾಮವ್ವನಿಗೆ ತಮ್ಮೂರು ತಾಂಬಾ ಮುಟ್ಟುವತನಕ ಅದೇ ಮಾತು ಕಿವಿಯಲ್ಲಿತ್ತು. ಒಬ್ಬರೇ ಸಾಕಾದ ಮೇಲೆ ಸಿದ್ದವ್ವ ಯಾಕೆ ಬರುತ್ತಾಳೆ?

ಮದುವೆಯಾಗಿ ಬಂದ ವರ್ಷದಿಂದ ಅವಳಿಗೂ ಕೆಳಗಿನ ಓಣಿಯ ಸಿದ್ದವ್ವನಿಗೂ ಸುಣ್ಣದ ಮುಯ್ಯಿ. ಹೊಲದ ಕಳೆಗೆ ಆಳಿಗೆ ಆಳು ಹೋಗುವಂತೆ, ನವಮಿಯ ಮುಂದೆ ಒಂದು ದಿನ ಇವಳ ಮನೆಗೆ ಅವಳು, ಮರುದಿನ ಅವಳ ಮನೆಗೆ ಇವಳು. ಮಣ್ಣಿನ ಹರವಿಯಲ್ಲಿ ನೆನೆದ ಸುಣ್ಣಕ್ಕೆ ಚಿಟಿಕೆ ನೀಲಿ, ಪುಂಡಿನಾರಿನ ಕುಂಚ. ಒಬ್ಬಳು ನಿಚ್ಚಣಿಕೆ ಹತ್ತಿದರೆ ಇನ್ನೊಬ್ಬಳು ಕೆಳಗೆ ಹಿಡಿದು ನಿಲ್ಲಬೇಕು. ಅತ್ತೆಯ ಮುಂದೆ ಆಡಲಾಗದ, ಗಂಡನಿಗೆ ಹೇಳಿದರೂ ತಿಳಿಯದ ಮಾತೆಲ್ಲ ಆ ನಿಚ್ಚಣಿಕೆಯಲ್ಲಿ ಹತ್ತಿ ಇಳಿಯುತ್ತಿತ್ತು. ಒಮ್ಮೆ ಇಪ್ಪತ್ತರ ಸಿದ್ದವ್ವನ ತಲೆಗೆ ಸುಣ್ಣ ಸಿಡಿದು, "ಮುದುಕಿ ಆದ್ಯಲ್ಲೇ" ಎಂದು ಇವಳು ನಕ್ಕಾಗ, ಅವಳು ಮೇಲಿನಿಂದಲೇ ಕುಂಚ ಝಾಡಿಸಿ "ಬಾ, ನೀನೂ ಜೋಡಿಗೆ" ಎಂದಿದ್ದಳು.

ಹಾಗೆ ನಲವತ್ತು ವರ್ಷ. ಹೋದ ವರ್ಷ ಮಾತ್ರ, ಸಿದ್ದವ್ವ ಬಂದು ಇವಳ ಮನೆ ಬಳಿದ ಮರುದಿನವೇ ಸಿಂದಗಿಯಲ್ಲಿದ್ದ ಇವಳ ಮಗಳಿಗೆ ಹೆರಿಗೆ ನೋವು ಎದ್ದಿತು. ರಾಮವ್ವ ಅಲ್ಲಿಗೆ ಓಡಿದಳು. ಸಿದ್ದವ್ವ ತನ್ನ ಗೋಡೆಯನ್ನು ತಾನೇ ಬಳಿದುಕೊಂಡಳು. ಆ ಒಂದು ದಿನದ ಭಾರ ವರ್ಷವಿಡೀ ರಾಮವ್ವನ ಮೇಲಿತ್ತು.

ಮರುದಿನ ಕಾಂತು ಕಿಟಕಿಗಳಿಗೆ ಪೇಪರು ಅಂಟಿಸಿ, ಬಣ್ಣವನ್ನು ಹಳೇ ಧೋತರದಲ್ಲಿ ಸೋಸಿ, ಮನೆಯ ಹೊರಮೈಯನ್ನು ಒಬ್ಬನೇ ಮುಗಿಸಿದ. ಗೋಡೆ ಕುಂಚದ ಒಂದು ಗೆರೆಯೂ ಇಲ್ಲದೆ ನುಣ್ಣಗಿತ್ತು.

"ರಟ್ಟಿ ನೋಯ್ತಾವು ಅಂತಿದ್ದಿ. ನೋಡೀಗ" ಎಂದ.

"ಛಲೋ ಆಗೇತಿ" ಎಂದಳು. ಒಳಗೆ ಹೊರಟವಳು ತಿರುಗಿ, "ಸಿದ್ದಿ ಮುಯ್ಯಿ ಐತೋ ನನ ಮ್ಯಾಲ."

"ಅಷ್ಟ ಹೌದಲ್ಲಬೇ? ಬಣ್ಣಾನೂ ಉಳದೈತಿ. ನಾಳೆ ಹೋಗಿ ತೀರಿಸಿ ಬರೂಣು."

ಬೆಳಿಗ್ಗೆ ಹೋದಾಗ ಸಿದ್ದವ್ವ ಸೀರೆಗೆ ಕಚ್ಚೆ ಹಾಕಿ, ನಿಚ್ಚಣಿಕೆ ಗೋಡೆಗೆ ಆನಿಸಿ ಕಾಯುತ್ತಿದ್ದಳು. ಕಾಂತುವಿನ ಕೈಯಲ್ಲಿದ್ದುದನ್ನು ಕಂಡು ಹುಬ್ಬೇರಿಸಿದಳು.

"ಇದ್ಯಾರೋ ಹೊಸಾ ಆಳು?"

"ನಿನ್ನ ಮುಯ್ಯಾಳು, ಕಾಕಿ. ಊಟಾ ಕೇಳಂಗಿಲ್ಲ, ಮಾತೂ ಆಡಂಗಿಲ್ಲ."

"ಮಾತಾಡದ ಆಳು ತಗೊಂಡು ಏನ್ ಮಾಡ್ಲೋ?"

ಆದರೆ ಕಾಂತು ಆಗಲೇ ವಾಯರು ಎಳೆದಿದ್ದ. ಮಷೀನು ಗದ್ದಲವೆಬ್ಬಿಸಿತು. ಗೆಳತಿಯರಿಬ್ಬರೂ ಕಟ್ಟೆಯ ಮೇಲೆ ಕೂತರು. ಸಿದ್ದವ್ವ ಏನೋ ಕೇಳಿದಳು, ರಾಮವ್ವ ಕಿವಿ ಮುಂದೆ ಮಾಡಿದಳು, ಕೇಳಿಸಲಿಲ್ಲ. ಆಮೇಲೆ ಇಬ್ಬರೂ ಮಷೀನನ್ನೇ ನೋಡಿದರು. ಬಿಸಿಲು ಕಟ್ಟೆ ಏರುವುದರೊಳಗೆ ಗೋಡೆಗಳು ಮುಗಿದವು.

"ಆತು ನೋಡು ಕಾಕಿ" ಎಂದು ಕಾಂತು ಮುಖ ಒರೆಸಿಕೊಂಡ. "ನಮ್ಮವ್ವನ ಮುಯ್ಯಿ ತೀರ್ತು."

ರಾಮವ್ವ ಗೆಳತಿಯ ಮುಖವನ್ನೇ ನೋಡಿದಳು. ಸಿದ್ದವ್ವ ರಾಮವ್ವನ ಕೈ ಎಳೆದು ಅಂಗೈ ತಿರುಗಿಸಿದಳು. ಒಂದು ಹನಿ ಬಣ್ಣವೂ ಇರಲಿಲ್ಲ.

"ಈಕಿ ಎಲ್ಲಿ ದುಡದಾಳೋ? ಇದು ನೀ ಮಾಡಿದ ಮುಯ್ಯಿ. ನಿನಗ ಬ್ಯಾರೆ ತೀರಸ್ತೇನಿ. ಈಕೀದು ಇನ್ನೂ ಹಂಗ ಐತಿ."

"ಗ್ವಾಡಿ ಎಲ್ಲಾ ಮುಗದಾವು. ಮತ್ತ ಏನ್ ಮಾಡಿ ತೀರಸ್ಲೇ ನಾ?" ಎಂದಳು ರಾಮವ್ವ.

"ತೀರಸಬ್ಯಾಡ" ಎಂದಳು ಸಿದ್ದವ್ವ. "ಬಾಕಿ ಇದ್ರ ಬರ್ತಿ."