ಮೆಟ್ಟಿಲ ಮೇಲಿನ ನಿಂಬೆಬುಟ್ಟಿ

ಇಂಡಿ ಊರಿನ ಆ ಪುಟ್ಟ ಚರ್ಚಿನಲ್ಲಿ ಪ್ರಥಮ ಫಲದ ಆರಾಧನೆ ನಡೆದಿತ್ತು. ತೋಟದ ಮೊದಲ ಕೊಯ್ಲಿನ ನಿಂಬೆಹಣ್ಣಿನ ಬುಟ್ಟಿಯನ್ನು ಏದುಸಿರು ಬಿಡುತ್ತ ವೇದಿಯ ತನಕ ಹೊತ್ತು ತಂದ ಸುಂದರವ್ವ, ಅದನ್ನು ಮೇಲಿಡದೆ ಕೆಳಗಿನ ಮೆಟ್ಟಿಲ ಮೇಲೆ ಇಳಿಸಿಬಿಟ್ಟಳು.

"ಮ್ಯಾಲ ಇಡ್ರಿ ಸುಂದರವ್ವಾ," ಎಂದರು ಪಾಸ್ಟರ್ ಪ್ರೇಮಕುಮಾರ.

"ಇಡಾಕ ಬರೂದಿಲ್ರಿ. ಈಗಿನ್ನ ನೀವ ಓದಿದ್ರಿ. ಕಾಣಿಕಿ ತಂದಾಗ, ನಮ್ಮ ಮ್ಯಾಲ ಯಾರಿಗರ ಸಿಟ್ಟ ಐತಿ ಅಂತ ನೆನಪಾದ್ರ ಅದನ್ನ ಅಲ್ಲೇ ಬಿಟ್ಟು, ಮೊದಲ ಹೋಗಿ ರಾಜಿ ಆಗ್ರಿ ಅಂತ ಯೇಸುಸ್ವಾಮಿ ಹೇಳ್ಯಾನ. ನನಗ ನೆನಪಾತು."

ಯಾರ ಸಿಟ್ಟು ಎಂಬುದು ಅಲ್ಲಿ ಕೂತವರಿಗೆಲ್ಲ ಗೊತ್ತು. ಮೈದುನನ ಹೆಂಡತಿ ಯಶೋಧಾ. ಅವಳು ಚರ್ಚಿನ ಕಡೆ ತಲೆ ಹಾಕಿದವಳಲ್ಲ. ಇಬ್ಬರ ತೋಟಕ್ಕೂ ಒಂದೇ ಬಾವಿ. ಬೇಸಿಗೆಯಲ್ಲಿ ಯಶೋಧಾಳ ಪಾಳಿಯ ನೀರನ್ನೂ ಸುಂದರವ್ವ ತನ್ನ ಗಿಡಗಳಿಗೇ ಹರಿಸಿಕೊಂಡಿದ್ದಳು. ಯಶೋಧಾ ನೆಟ್ಟ ಎಳೆಯ ಸಸಿಗಳೆಲ್ಲ ಒಣಗಿ ಕಡ್ಡಿಯಾದವು. ಅಂದಿನಿಂದ ಮಾತಿಲ್ಲ, ಕತೆಯಿಲ್ಲ. ಈ ಬುಟ್ಟಿ ತುಂಬಿದ್ದೂ ಅದೇ ನೀರಿನಿಂದ ಎಂಬುದು ವೇದಿಯ ಮುಂದೆ ನಿಂತಾಗ ಸುಂದರವ್ವನ ಎದೆಗೆ ಚುರ್ರೆಂದು ತಾಗಿತ್ತು.

"ಆರಾಧನಿ ಮುಗದ ಮ್ಯಾಲ ಹೋಗೀರಂತ," ಎಂದರು ಪಾಸ್ಟರ್.

"ಮೊದಲ ಅಂತ ಐತಲ್ರಿ," ಎಂದವಳೇ ಸೆರಗು ಸಿಕ್ಕಿಸಿಕೊಂಡು ಹೊರನಡೆದಳು. ಹಠಕ್ಕೆ ಬಿದ್ದ ಸುಂದರವ್ವನನ್ನು ಹಿಡಿದು ನಿಲ್ಲಿಸುವವರು ಯಾರು!

ಯಶೋಧಾ ತನ್ನ ಮನೆಯ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಮುಖ ಎತ್ತಲಿಲ್ಲ.

"ತಪ್ಪ ನಂದು ಯಶೋಧಾ. ಇನ್ನ ಮ್ಯಾಲ ಮೊದಲ ಪಾಳಿ ನಿಂದು."

"ತಪ್ಪ ಅಂದ್ರ ಒಣಗಿದ ಸಸಿ ಚಿಗೀತಾವೇನು? ನಿಮ್ಮ ಪಾಸ್ಟರ್ ಕಳಿಸ್ಯಾರೇನು?"

"ಅವರು ಕುಂದರ್ರಿ ಅಂದ್ರು. ನಾನಾ ಎದ್ದ ಬಂದೇನಿ."

ಯಶೋಧಾ ಮೊರ ಕೊಡವಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಸುಂದರವ್ವನ ಕಣ್ಣು ತುಂಬಿ ಬಂತು, ಆದರೆ ಕಾಲು ಹಿಂದಕ್ಕೆ ತಿರುಗಲಿಲ್ಲ. ನೆಟ್ಟಗೆ ತೋಟಕ್ಕೆ ಹೋಗಿ, ತನಗೆಂದು ಬೆಳೆಸಿಟ್ಟುಕೊಂಡಿದ್ದ ನಿಂಬೆಸಸಿಗಳನ್ನೆಲ್ಲ ತಂದು ಯಶೋಧಾಳ ಬದುವಿನ ಮೇಲೆ ಸಾಲಾಗಿ ಇಟ್ಟಳು. ಬಾವಿಯ ನೀರನ್ನು ಅವಳ ತೋಟಕ್ಕೆ ತಿರುಗಿಸಿದಳು.

ವಾರವಿಡೀ ದಿನಾ ಆ ಬಾಗಿಲಿಗೆ ಹೋದಳು. ದಿನಾ ಬರಿಗೈಯಲ್ಲಿ ಬಂದಳು. ಚರ್ಚಿನಲ್ಲಿ ಕಸ ಗುಡಿಸುವವರು ಬುಟ್ಟಿಗೆ ಕೈಹಾಕಿದರೆ, "ಮುಟ್ಟಬ್ಯಾಡ್ರಿ, ಇನ್ನೂ ಮುಗದಿಲ್ಲ," ಎಂದು ಗದರಿದಳು. ಹಣ್ಣಿನ ಸಿಪ್ಪೆ ಸುಕ್ಕುಗಟ್ಟಿತು. ಊರಲ್ಲಿ ಅದೇ ಮಾತಾಯಿತು.

ಮುಂದಿನ ಭಾನುವಾರ ಹಾಡಿನ ನಡುವೆ ಯಶೋಧಾ ಚರ್ಚಿನ ಬಾಗಿಲಲ್ಲಿ ನಿಂತಿದ್ದಳು. ಸಸಿ ನೆಟ್ಟ ಹಸಿಮಣ್ಣು ಅವಳ ಕೈಗೆ ಇನ್ನೂ ಅಂಟಿತ್ತು. ಹಾಡು ತಾನಾಗಿಯೇ ನಿಂತಿತು.

"ಹಣ್ಣ ಕೊಳಸ್ತಿಯೇನು? ಊರ ತುಂಬ ನನ್ನ ಹೆಸರ ಕೆಡಸಾಕತ್ತಿ," ಎನ್ನುತ್ತ ನೇರ ವೇದಿಯ ತನಕ ಬಂದಳು.

"ನೀ ಮಾತಾಡೂ ತನಕ ಮ್ಯಾಲ ಇಡೂದಿಲ್ಲ ಅಂತ ಕುಂತೇನಿ," ಎಂದಳು ಸುಂದರವ್ವ.

"ಈಗ ಮಾತಾಡಾಕತ್ತೇನಲ್ಲ." ಯಶೋಧಾ ಬಗ್ಗಿ ಬುಟ್ಟಿಯ ಒಂದಂಚಿಗೆ ಮಣ್ಣುಗೈ ಹಾಕಿದಳು. "ಹಿಡಿ ಅಕ್ಕಾ, ಆ ಕಡಿ. ಒಬ್ಬಾಕಿ ಎತ್ತೂ ಭಾರ ಅಲ್ಲ ಇದು."