ಮೂರನೆಯ ತೂತು

ಗೋಡೆಯ ಬೋರ್ಡನ್ನು ಬಿಚ್ಚಿದ ಶಹನಾಜಳ ಕೈ ಅಲ್ಲೇ ನಿಂತಿತು. ಸಾಕೆಟ್ಟಿನ ಮೂರನೆಯ ತೂತಿನ ಹಿಂದೆ, ಸೋರಿದ ವಿದ್ಯುತ್ತನ್ನು ನೆಲಕ್ಕಿಳಿಸುವ ಅರ್ಥಿಂಗ್ ತಂತಿಯೇ ಇರಲಿಲ್ಲ. ಹಳೆಯ ರೇಡಿಯೊಗಳಿಗೆ ಬೆಸುಗೆ ಹಾಕುವುದು ಅವಳ ಹವ್ಯಾಸ. ಬೆಸುಗೆ ಯಂತ್ರದ ಲೋಹದ ಪೆಟ್ಟಿಗೆ ಮುಟ್ಟಿದಾಗಲೆಲ್ಲ ಕೈ ಜುಮ್ಮೆನ್ನುತ್ತಿದ್ದುದೇಕೆಂದು ಈಗ ತಿಳಿಯಿತು. ಮೈಯಲ್ಲಿನ ಸ್ಥಿರ ವಿದ್ಯುತ್ತು ಬಿಡಿಭಾಗಗಳನ್ನು ಕೆಡಿಸದಿರಲೆಂದು ಜೊತೆಗೆ ಕೆಲಸಕ್ಕೆ ಕೂರುವ ಮಗಳು ಜೋಯಾಳ ಮಣಿಕಟ್ಟಿಗೆ ಕಟ್ಟುತ್ತಿದ್ದ ಪಟ್ಟಿಯ ತಂತಿಯೂ ಅದೇ ಪೆಟ್ಟಿಗೆಗೆ ಸೇರಿತ್ತು.

“ಅಣ್ಣಾರ, ಅರ್ಥಿಂಗ್ ಕೊಟ್ಟೇನಿ ಅಂತ ವೈರಿಂಗ್ ಕಾಗದದಾಗ ಸಹಿ ಮಾಡೀರಿ. ತಂತಿ ಎಲ್ಲೈತ್ರಿ?” ಎಂದು ಅವಳು ಪಕ್ಕದಲ್ಲಿ ನಿಂತಿದ್ದ ವೈರಿಂಗ್ ಗುತ್ತಿಗೆದಾರ ಶಿವಲಿಂಗಪ್ಪನನ್ನು ಕೇಳಿದಳು.

“ದೊಡವಾಡದಾಗ ಎಲ್ಲಾರ ಮನ್ಯಾಗೂ ಹಿಂಗ ಐತಿ ತಂಗಿ. ಯಾರರ ಸತ್ತಾರೇನು? ಏನೂ ಆಗೂದಿಲ್ಲ. ನೀವು ರೊಟ್ಟಿ ಬಡಿಯೂದು ಬಿಟ್ಟು ರೇಡಿಯೊ ಬಿಚ್ಚಿದ್ರ ಹಿಂಗ ಸಂಶೆ ಬರತಾವ.”

ಊರಿಗೆ ಊರೇ ಮೋಸಹೋದರೆ ಮೋಸವು ನಿಯಮವಾಗಿಬಿಡುವುದೇ? ಶಹನಾಜ ಬೋರ್ಡನ್ನು ಮುಚ್ಚಿ ಯಂತ್ರದ ಸ್ವಿಚ್ಚು ಹಾಕಿದಳು.

“ಏನೂ ಆಗೂದಿಲ್ಲಂದ್ರ ಈ ಪೆಟಿಗಿ ಮ್ಯಾಲೆ ಒಮ್ಮೆ ಕೈ ಇಡ್ರಿ. ನನ್ನ ಮಗಳು ದಿನಾ ಇಡತಾಳ.”

“ಅದಕ್ಕೇನ ಬಿಡ್ರಿ,” ಎಂದು ನಕ್ಕು ಕೈ ಚಾಚಿದ ಶಿವಲಿಂಗಪ್ಪ ಬೆರಳು ತಗಲುವ ಮೊದಲೇ ಅದನ್ನು ಹಿಂದೆಳೆದುಕೊಂಡನು. ಬಾಗಿಲಿಗೆ ನಡೆದು, ಹೊಸ್ತಿಲಾಚೆ ಬಿಟ್ಟಿದ್ದ ರಬ್ಬರಿನ ಚಪ್ಪಲಿಗಳನ್ನು ಮೆಟ್ಟಿಕೊಂಡು, ಪೆಟ್ಟಿಗೆ ಮುಟ್ಟಲು ಹಾಗೆಯೇ ಮನೆಯೊಳಗೆ ಬಂದನು. ಯಂತ್ರದ ಬಳಿ ಬರಿಗಾಲಿನಲ್ಲಿ ನಿಂತಿದ್ದ ಜೋಯಾ ಅವನ ಪಾದಗಳನ್ನೇ ನೋಡುತ್ತಿದ್ದಳು.